ಮಂಡಿ ನೋವಿದ್ದವರು ಪಿಕಪ್ ಹತ್ತುವುದು, ಮುಖ್ಯವಾಗಿ ಇಳಿಯುವುದು

ಕಾಫಿ ಕೊಯ್ಲು ಶುರುವಾದರೆ ಕೊಡಗಿನಲ್ಲಿ ಪಿಕಪ್‌ಗಳಿಗೆ ಬಿಡುವಿಲ್ಲ. ಚೀಲ ಎಣಿಸಬೇಕು, ಟಾರ್ಪಾಲ್ ಬಿಗಿಯಬೇಕು ಅಂತ ಅರವತ್ತು ದಾಟಿದವರೂ ಹಿಂದೆ ಹತ್ತುತ್ತಾರೆ. ಹತ್ತುವಾಗ ಎಲ್ಲರೂ ಹುಷಾರು. ಇಳಿಯುವಾಗ ಮಾತ್ರ ಧುಪ್ ಅಂತ ಹಾರುತ್ತಾರೆ. ನಾನೂ ಹಾಗೇ ಹಾರಿ, ಒಂದು ವರ್ಷದ ರೋಬಸ್ಟಾ ಕೊಯ್ಲನ್ನು ಜಗಲಿಯಲ್ಲಿ ಕಾಲು ಚಾಚಿ ಕೂತು ಫೋನಿನಲ್ಲೇ ಮುಗಿಸಿದವನು.

ಇದು ನಿಂತ ಗಾಡಿಯ ಮಾತು. ಪ್ರಯಾಣಕ್ಕಾದರೆ ಡ್ರೈವರ್ ಪಕ್ಕ ಕೂತುಕೊಳ್ಳಿ. ಸರಕು ಗಾಡಿಯ ಹಿಂದೆ ಜನ ಕೂರುವುದು ಕಾನೂನಿಗೂ ವಿರುದ್ಧ.

1. ಗಾಡಿ ನಿಲ್ಲಿಸುವುದು
ನಮ್ಮಲ್ಲಿ ಸಮತಟ್ಟು ಜಾಗ ಕಡಿಮೆ. ಆ ಏರುತಗ್ಗನ್ನೇ ಉಪಯೋಗಿಸಿಕೊಳ್ಳಿ. ಕಾಫಿ ಕಣದ ಕಲ್ಲುಕಟ್ಟೆಯ ಹತ್ತಿರಕ್ಕೆ ಹಿಂಬದಿ ಬರುವಂತೆ ರಿವರ್ಸ್ ತೆಗೆಸಿದರೆ ಹತ್ತುವ ಕೆಲಸವೇ ಇಲ್ಲ, ಕಾಲು ಎತ್ತಿ ಇಟ್ಟರಾಯಿತು. ಮಣ್ಣಿನ ದಿಬ್ಬವನ್ನು ಮಾತ್ರ ಮಳೆಗಾಲದಲ್ಲಿ ನಂಬಬೇಡಿ, ಅಂಚು ಕುಸಿಯುತ್ತದೆ. ಹ್ಯಾಂಡ್ ಬ್ರೇಕ್ ಹಾಕಿ, ಗೇರಿನಲ್ಲಿಟ್ಟು, ಚಕ್ರಕ್ಕೆ ಕಲ್ಲು ಕೊಡಿ.

2. ಮೆಟ್ಟಿಲು
ನಮ್ಮ ಪಿಕಪ್ ಅಳೆದೆ. ನೆಲದಿಂದ ಹಿಂಬದಿಯ ತಗಡಿಗೆ 32 ಇಂಚು. ಮನೆ ಮೆಟ್ಟಿಲು ಇರುವುದು 6–7 ಇಂಚು. ಸವೆದ ಮಂಡಿ ಒಂದೇ ಸಲಕ್ಕೆ ಅಷ್ಟು ಎತ್ತರ ಏರಲಿ ಅಂದರೆ ಹೇಗೆ? ಪ್ಲಾಸ್ಟಿಕ್ ಸ್ಟೂಲ್ ಬೇಡವೇ ಬೇಡ. ಇಳಿಜಾರಿನಲ್ಲಿ ಅದರ ಒಂದು ಕಾಲು ಮಡಚಿದರೆ ಮುಗಿಯಿತು. ಗೊಬ್ಬರದ ಚೀಲವೂ ಬೇಡ. ಆಚಾರಿಗೆ ಹೇಳಿ ಸಿಲ್ವರ್ ಓಕ್ ಹಲಗೆಯಲ್ಲಿ ಎರಡು ಮೆಟ್ಟಿಲಿನ ಪೆಟ್ಟಿಗೆ ಮಾಡಿಸಿ. ನೆಲದಿಂದ ಕೆಳಗಿನದು 10 ಇಂಚು, ಮೇಲಿನದು 21. ಪೂರ್ತಿ ಪಾದ ಕೂರುವಷ್ಟು ಅಗಲ ಇರಲಿ. ಮೇಲೆ ಹಳೇ ಟಯರಿನ ತುಂಡು ಹೊಡೆಸಿ.

3. ಹತ್ತುವುದು
ಗಂಬೂಟಿನ ಕೆಸರು ಕೆರೆದು ಹಾಕಿ. ಕೈಯಲ್ಲಿ ಏನೂ ಇರಬಾರದು. ಬಾಡಿಯ ಮೂಲೆ ಕಂಬಿ ಹಿಡಿದು ಒಳ್ಳೆ ಕಾಲನ್ನು ಮೊದಲು ಮೇಲಿಡಿ, ನೋವಿನ ಕಾಲು ಹಿಂದೆ ಬರಲಿ. ಟಾರ್ಪಾಲ್ ಹಗ್ಗ ಹಿಡಿಯಬೇಡಿ. ಮೇಲಿಂದ ಯಾರಾದರೂ "ಅಂಕಲ್, ಕೈ ಕೊಡಿ, ಎಳೀತೀನಿ" ಅಂದರೆ ಕೊಡಬೇಡಿ. ಜಾರಿದರೆ ಇಬ್ಬರೂ ಕೆಳಗೆ. ಅವನು ಕೆಳಗಿಳಿದು ಪೆಟ್ಟಿಗೆ ಅಲುಗದಂತೆ ಹಿಡಿಯಲಿ.

4. ಇಳಿಯುವುದು
ಇಲ್ಲಿ ಅವಸರ ಮಾಡಲೇಬೇಡಿ. ಅರ್ಧ ಗಂಟೆ ಕುಕ್ಕರಗಾಲಿನಲ್ಲಿ ಚೀಲ ಎಣಿಸಿದ ಮಂಡಿ ಹಿಡಿದುಕೊಂಡಿರುತ್ತದೆ. ಎದ್ದು, ಬಾಡಿ ಹಿಡಿದು, ನಾಲ್ಕೈದು ಸಲ ಮಡಚಿ ಬಿಡಿಸಿ. ಆಮೇಲೆ ಮುಖ ಕ್ಯಾಬಿನ್ ಕಡೆಗೆ ತಿರುಗಿಸಿ. ಮೆಣಸು ಕೊಯ್ಯುವವರು ಏಣಿಗೆ ಬೆನ್ನು ಹಾಕಿ ಇಳಿಯುವುದನ್ನು ನೋಡಿದ್ದೀರಾ? ಇಲ್ಲ ಅಲ್ವಾ? ಹಾಗೆಯೇ ಇದು.

ಎರಡೂ ಕೈ ಗಟ್ಟಿ ಹಿಡಿದಿರಲಿ. ಈಗ ಮೊದಲು ಕೆಳಗೆ ಹೋಗಬೇಕಾದ್ದು ನೋವಿನ ಕಾಲು. ಬಹಳ ಜನ ತಪ್ಪುವುದು ಇಲ್ಲೇ. ಇಳಿಯುವಾಗ ಮೈಭಾರ ತಡೆದು ನಿಧಾನಕ್ಕೆ ಬಿಡುವುದು ಮೇಲೆ ಉಳಿದ ಕಾಲು. ಮಡಚಬೇಕಾದ್ದೂ ಅದೇ. ಆದ್ದರಿಂದ ಮೇಲೆ ಒಳ್ಳೆಯದು ಇರಬೇಕು. ಕಾಲಬೆರಳಲ್ಲಿ ಮೆಟ್ಟಿಲು ಹುಡುಕಿ, ಪೂರ್ತಿ ಪಾದ ಊರಿ, ಆಮೇಲೆ ಭಾರ ಬಿಡಿ. ಒಳ್ಳೆ ಕಾಲನ್ನೂ ಅದೇ ಮೆಟ್ಟಿಲಿಗೆ ತನ್ನಿ. ಒಂದೊಂದು ಮೆಟ್ಟಿಲಿಗೆ ಒಂದೊಂದು ಕಾಲು ಹಾಕುವ ಚುರುಕುತನ ಬೇಡ. ಹಿಂದಿನ ಡೋರಿನ ಕೊಂಡಿಗೆ ಪ್ಯಾಂಟ್ ಸಿಗದಂತೆ ನೋಡಿಕೊಳ್ಳಿ.

ಮಳೆಯಲ್ಲಿ ತಗಡಿನ ಮೇಲೆ ಗೋಣಿ ಹಾಸುವವರಿದ್ದಾರೆ. ಕಾಲು ಜಾರದಿರಬಹುದು, ಗೋಣಿಯೇ ಜಾರುತ್ತದೆ. ಮೆಡಿಕಲ್‌ನಲ್ಲಿ ಸಿಗುವ ನೀ ಕ್ಯಾಪ್ ಮಂಡಿಯನ್ನು ಬೆಚ್ಚಗಿಡುತ್ತದೆ, ಸ್ವಲ್ಪ ಧೈರ್ಯವನ್ನೂ ಕೊಡುತ್ತದೆ. ನಿಮ್ಮ ಭಾರ ಹೊರುವುದಿಲ್ಲ. ಮಂಡಿ ಊದಿಕೊಂಡಿದ್ದರೆ, ಇಲ್ಲವೇ ನಡುವೆ ಲಾಕ್ ಆಗುತ್ತಿದ್ದರೆ ಹತ್ತುವುದನ್ನು ಬಿಟ್ಟು ಡಾಕ್ಟರಿಗೆ ತೋರಿಸಿ.

ಕಾಲು ಕೆಳಗೆ ಬಿಡುವ ಮೊದಲು ಒಮ್ಮೆ ಹಿಂದೆ ತಿರುಗಿ ನೋಡಿ. ಮೊನ್ನೆ ನಾನು ಟಾರ್ಪಾಲ್ ಕಟ್ಟಿ ಮುಗಿಸಿ, ಕಂಬಿ ಹಿಡಿದು, ಎಡಗಾಲನ್ನು ಗಾಳಿಯಲ್ಲಿ ಆಡಿಸುತ್ತಾ ಮೆಟ್ಟಿಲು ಹುಡುಕುತ್ತಿದ್ದೆ. ಸಿಗಲಿಲ್ಲ. ನಮ್ಮ ಹುಡುಗ ಕಣದ ಆಚೆ ತುದಿಯಲ್ಲಿ ಅದರ ಮೇಲೆ ಕೂತು ಟೀ ಕುಡಿಯುತ್ತಿದ್ದ. "ಅಡ್ಡ ಇತ್ತು ಅಂತ ತೆಗೆದೆ ಅಂಕಲ್" ಅಂದ.