ಸ್ಪ್ಯಾನರ್ ಯಾಕೆ ತಿರುಗಲಿಲ್ಲ: ಮೊಳೆ, ಪಟ್ಟಿ, ದಾರ ಇಟ್ಟುಕೊಂಡು ಅಳೆದು ನೋಡಿದ್ದು

ಒಂದು ಯಂತ್ರದ ಬೋಲ್ಟ್ ಬಿಚ್ಚಬೇಕಿತ್ತು. ಪಕ್ಕದಲ್ಲೇ ಕಂಬಿ ಅಡ್ಡ ಇತ್ತು, ಕೈ ಒಂದೇ ಕಡೆಯಿಂದ ಹೋಗುತ್ತಿತ್ತು. ಸ್ಪ್ಯಾನರನ್ನು ಓರೆಯಾಗಿ ಎಳೆದೆ. ಮೈಭಾರವನ್ನೆಲ್ಲ ಹಾಕಿದರೂ ಅದು ಅಲುಗಲಿಲ್ಲ. ಆಮೇಲೆ ಸ್ಪ್ಯಾನರನ್ನು ತೆಗೆದು, ಬೋಲ್ಟಿನ ತಲೆಯ ಮೇಲೆ ಒಂದು ಮುಖ ಆಚೆಗೆ ಕೂರಿಸಿ ಮತ್ತೆ ಎಳೆದೆ. ಕೈ ಹೋಗುವ ದಾರಿ ಅದೇ, ಸ್ಪ್ಯಾನರಿನ ಉದ್ದವೂ ಅದೇ. ಅಷ್ಟೇನೂ ಜೋರು ಮಾಡದೆ ಬೋಲ್ಟ್ ಸಡಿಲವಾಯಿತು.

ಟಾರ್ಕ್, ಅಂದರೆ ತಿರುಗಿಸುವ ಪರಿಣಾಮ, ಬಲ ಗುಣಿಸು ಅಕ್ಷದಿಂದ ದೂರ ಅಂತ ಓದಿದ್ದೆ. ಇಲ್ಲಿ ದೂರ ಅಷ್ಟೇ ಇತ್ತು, ಬಲವೂ ಹೆಚ್ಚಾಗಿರಲಿಲ್ಲ. ಹಾಗಾದರೆ ಬದಲಾಗಿದ್ದು ಏನು? ಅಳೆದೇ ನೋಡೋಣ ಅನ್ನಿಸಿತು.

60 ಸೆಂ.ಮೀ. ಉದ್ದದ ಮರದ ಪಟ್ಟಿ ತೆಗೆದುಕೊಂಡು ಸರಿಯಾಗಿ ನಡುವೆ ತೂತು ಕೊರೆದೆ. ನಡುವೆಯೇ ಯಾಕೆಂದರೆ, ಆಗ ಪಟ್ಟಿಯ ಸ್ವಂತ ತೂಕ ಯಾವ ಕಡೆಗೂ ತಿರುಗಿಸುವುದಿಲ್ಲ. ಹಲಗೆಗೆ ಮೊಳೆ ಹೊಡೆದು ಪಟ್ಟಿಯನ್ನು ಸಿಕ್ಕಿಸಿದೆ. ಮೊಳೆಯೇ ಅಕ್ಷ. ಎಡಕ್ಕೆ 20 ಸೆಂ.ಮೀ. ದೂರದಲ್ಲಿ 500 ಗ್ರಾಂ ತೂಕ ತೂಗುಹಾಕಿದೆ. ಬಲಕ್ಕೆ 25 ಸೆಂ.ಮೀ. ದೂರದಲ್ಲಿ ದಾರ ಕಟ್ಟಿ, ಅದರ ತುದಿಗೆ 1 ಕೆ.ಜಿ.ವರೆಗೆ ತೋರಿಸುವ ಸ್ಪ್ರಿಂಗ್ ತಕ್ಕಡಿ ಸಿಕ್ಕಿಸಿದೆ. ಪ್ರತಿ ಸಲ ಪಟ್ಟಿ ಅಡ್ಡಕ್ಕೆ ಸಮನಾಗಿ ನಿಲ್ಲುವಷ್ಟು ಎಳೆದು ತಕ್ಕಡಿ ನೋಡುವುದು, ಅಷ್ಟೇ ಕೆಲಸ. ಒಂದು ಎಚ್ಚರಿಕೆ: ತಕ್ಕಡಿಯನ್ನು ಓರೆ ಹಿಡಿದರೆ ಅದರ ಸೊನ್ನೆಯೇ ಸ್ವಲ್ಪ ಸರಿಯುತ್ತದೆ. ಯಾವ ಓರೆಯಲ್ಲಿ ಎಳೆಯುತ್ತೀರೋ ಅದೇ ಓರೆಯಲ್ಲಿ ಹಿಡಿದು ಮೊದಲು ಸೊನ್ನೆಗೆ ತನ್ನಿ.

ನೇರ ಕೆಳಕ್ಕೆ, ಅಂದರೆ ಪಟ್ಟಿಗೆ 90 ಡಿಗ್ರಿಯಲ್ಲಿ ಎಳೆದಾಗ 400 ಗ್ರಾಂ ಸಾಕಾಯಿತು. 60 ಡಿಗ್ರಿಗೆ 465. 45ಕ್ಕೆ 570. 30 ಡಿಗ್ರಿಗೆ ಬಂದಾಗ 810, ಅಂದರೆ ಎರಡರಷ್ಟು! 20 ಡಿಗ್ರಿಯಲ್ಲಿ ಮುಳ್ಳು 1 ಕೆ.ಜಿ. ತಲುಪಿದರೂ ತೂಕ ಮೇಲೇಳಲಿಲ್ಲ. ಪಟ್ಟಿಯ ಉದ್ದಕ್ಕೇ ಎಳೆದರಂತೂ ಮೊಳೆ ಮಾತ್ರ ಜಗ್ಗಿತು.

ನನಗೆ ವಿಷಯ ನಿಜವಾಗಿ ತಿಳಿದದ್ದು ಸೀಮೆಸುಣ್ಣ ಹಿಡಿದ ಮೇಲೆ. ದಾರ ಹೋಗುವ ಗೆರೆಯನ್ನು ಹಲಗೆಯ ಮೇಲೆ ಎರಡೂ ಕಡೆಗೆ ಉದ್ದಕ್ಕೆ ಎಳೆದೆ. ಮೊಳೆಯಿಂದ ಆ ಗೆರೆಗೆ ಲಂಬವಾಗಿ ಅಳೆದೆ. 30 ಡಿಗ್ರಿಯಲ್ಲಿ ಆ ದೂರ 12.5 ಸೆಂ.ಮೀ. ಮಾತ್ರ. ದಾರ ಕಟ್ಟಿದ್ದು 25ರಲ್ಲೇ, ಆದರೆ ಟಾರ್ಕಿಗೆ ಲೆಕ್ಕ ಬರುವುದು ಈ 12.5. ಅದನ್ನು 810ರಿಂದ ಗುಣಿಸಿದರೆ 10,125. ಎಡಗಡೆ 500 ಗುಣಿಸು 20, ಅಂದರೆ 10,000. ಉಳಿದ ಕೋನಗಳಲ್ಲೂ ಉತ್ತರ ಇದರ ಆಸುಪಾಸೇ ಬಂತು. ಚೂರು ವ್ಯತ್ಯಾಸಕ್ಕೆ ಮೊಳೆಯ ಉಜ್ಜಾಟ ಮತ್ತು ನನ್ನ ಕಣ್ಣಳತೆ ಕಾರಣ. ಕೋನ ಕಡಿಮೆಯಾದಂತೆ ಈ ಲಂಬ ದೂರ ಕುಗ್ಗುವುದನ್ನೇ ಪುಸ್ತಕದಲ್ಲಿ ಸೈನ್ ಥೀಟಾ ಅಂತ ಬರೆಯುವುದು; ಥೀಟಾ ಅಂದರೆ ಪಟ್ಟಿಗೂ ದಾರಕ್ಕೂ ನಡುವಿನ ಕೋನ. ಗೆರೆ ಮೊಳೆಯ ಮೇಲೇ ಹಾದುಹೋದರೆ ದೂರ ಸೊನ್ನೆ, ಟಾರ್ಕೂ ಸೊನ್ನೆ.

ದಾರವನ್ನು ಮೊಳೆಯ ಕಡೆಗೆ ವಾಲಿಸಿದರೂ ಆಚೆ ಕಡೆಗೆ ವಾಲಿಸಿದರೂ, ಓರೆ ಒಂದೇ ಇದ್ದರೆ ತಕ್ಕಡಿ ಅಷ್ಟೇ ತೋರಿಸಿತು. ಆಮೇಲೆ ದಾರವನ್ನು ಹಲಗೆಯಿಂದ ನನ್ನತ್ತ, ಮೊಳೆ ಚಾಚಿದ ದಿಕ್ಕಿಗೇ ಎಳೆದೆ. ಪಟ್ಟಿ ಮೊಳೆಯಿಂದ ಕಳಚಿಕೊಳ್ಳಲು ನೋಡಿತೇ ಹೊರತು ಆ ಎಳೆತಕ್ಕೆ ತಿರುಗಲಿಲ್ಲ. ಅಕ್ಷಕ್ಕೆ ಸಮಾನಾಂತರವಾದ ಬಲ ಆ ಅಕ್ಷದ ಸುತ್ತ ಏನನ್ನೂ ತಿರುಗಿಸುವುದಿಲ್ಲ.

ಕೆಲಸದಲ್ಲಿ ಜಾಸ್ತಿ ಉಪಯೋಗಕ್ಕೆ ಬಂದದ್ದು ಇನ್ನೊಂದು. 90ರ ಹತ್ತಿರ ಸ್ವಲ್ಪ ತಪ್ಪಿದರೆ ಚಿಂತೆಯಿಲ್ಲ. 80 ಡಿಗ್ರಿಯಲ್ಲಿ ಎಳೆದರೂ ಶೇ. 98ಕ್ಕಿಂತ ಹೆಚ್ಚು ಟಾರ್ಕ್ ಸಿಗುತ್ತದೆ. ಆದರೆ 30ರಿಂದ 20ಕ್ಕೆ ಇಳಿದರೆ, ಅದೇ 10 ಡಿಗ್ರಿಗೆ, ಇದ್ದುದರಲ್ಲಿ ಮೂರನೇ ಒಂದು ಭಾಗದಷ್ಟು ಹೋಗುತ್ತದೆ. ಹಾಗಾಗಿ ಸುಮ್ನೆ ಕೋನಮಾಪಕ ಹಿಡಿದು ಕೂರುವುದು ಬೇಡ, ತೀರಾ ಓರೆಯಾಗದಂತೆ ನೋಡಿಕೊಂಡರೆ ಸಾಕು.

ಇನ್ನು ಆ ಬೋಲ್ಟು. ತಲೆಗೆ ಆರು ಮುಖ, ಒಂದು ಮುಖ ಜರುಗಿಸಿದರೆ 60 ಡಿಗ್ರಿ. ನನ್ನ ಕೈ ಮೊದಲು ಸ್ಪ್ಯಾನರಿಗೆ ಸುಮಾರು 30 ಡಿಗ್ರಿಯಲ್ಲಿತ್ತು, ಆಮೇಲೆ 90ಕ್ಕೆ ಬಂತು. ಅದೇ ಎಳೆತಕ್ಕೆ ಎರಡರಷ್ಟು ಟಾರ್ಕ್.