ಕಣದಲ್ಲಿ ಎರಡು ಮೂಟೆ ಕಡಿಮೆ ಬಂದರೆ ಹುಡುಕುವುದು ಹೇಗೆ

ಕಣದಲ್ಲಿ ಒಣಗಿಸಿದ ಕಾಫಿ ಕಡಿಮೆ ಬಂತು ಅಂದ ತಕ್ಷಣ ನಮ್ಮ ಕಡೆ ಎಲ್ಲರೂ ನೋಡುವುದು ರಾತ್ರಿ ಕಾವಲಿನವನ ಮುಖ. ಕೊಡಗಿನ ಸುಂಟಿಕೊಪ್ಪದ ಹತ್ತಿರ ಒಂದು ತೋಟದಲ್ಲಿ 26 ವರ್ಷ ರೈಟರ್, ಅಂದರೆ ಲೆಕ್ಕ ಬರೆಯುವವನು, ಆಗಿದ್ದೆ. ಆ ತಪ್ಪು ನಾನೂ ಮಾಡಿದ್ದೇನೆ. ಈಗ ಹೊಸದಾಗಿ ಪುಸ್ತಕ ಹಿಡಿದಿರುವ ಹುಡುಗರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಮೊದಲು ಯಾರ ಹೆಸರನ್ನೂ ಎತ್ತಬೇಡಿ. ಎಷ್ಟು ಬರಬೇಕಿತ್ತು ಅಂತ ಲೆಕ್ಕ ಹಾಕಿ. ರೋಬಸ್ಟಾ ಕಾಫಿ ಹಣ್ಣು ಒಣಗಿದರೆ ಅರ್ಧಕ್ಕಿಂತ ಜಾಸ್ತಿ ತೂಕ ನೀರಾಗಿ ಹೋಗುತ್ತದೆ. ನಮ್ಮಲ್ಲಿ 100 ಕಿಲೋ ಹಣ್ಣಿಗೆ 42 ಕಿಲೋ ಒಣ ಚೆರಿ, ಅಂದರೆ ಸಿಪ್ಪೆ ಸಮೇತ ಒಣಗಿದ ಹಣ್ಣು, ಸಿಗುತ್ತಿತ್ತು. ನಿಮ್ಮ ತೋಟದ್ದು ಹಳೆಯ ಪುಸ್ತಕ ನೋಡಿ ತಿಳಿಯಿರಿ. ತೋಟದ ಮಾಲೀಕರಾದ ಸಾವ್ಕಾರರನ್ನು ಕೇಳಬೇಡಿ, ಅವರಿಗೆ ಒಳ್ಳೆಯ ವರ್ಷ ಮಾತ್ರ ನೆನಪಿರುತ್ತದೆ.

ಆ ಸಲ ಆರು ದಿನದ ಕೊಯ್ಲು, ಪುಸ್ತಕದಲ್ಲಿ 5,400 ಕಿಲೋ ಹಣ್ಣು. 50 ಕಿಲೋದ 45 ಮೂಟೆ ಆಗಬೇಕು. ಆಗಿದ್ದು 43. ಸಾವ್ಕಾರರು ಕಾವಲಿನ ಅಜ್ಜನ ಕೈಯಿಂದ ಬ್ಯಾಟರಿ ಕಸಿದುಕೊಂಡು ಮನೆಗೆ ಕಳಿಸಿದರು. ನಾನು ಪಕ್ಕದಲ್ಲೇ ಇದ್ದೆ, ಸುಮ್ನಿದ್ದೆ.

ಜಾಸ್ತಿ ಒಣಗಿಸಿದರೂ ತೂಕ ಹೋಗುತ್ತದೆ. ಅದಕ್ಕೇ ಒಂದೇ ಡಬ್ಬ ತುಂಬಿ ದಿನಾ ತೂಗಬೇಕು. ಎರಡು ದಿನ ತೂಕ ಒಂದೇ ಬಂತಾ, ಒಣಗಿದೆ, ಕಟ್ಟಿಬಿಡಿ. ನಾವು ಹಾಗೇ ಮಾಡಿದ್ದೆವು, ಆ ಅನುಮಾನ ಹೋಯಿತು. ಪುನುಗಿನ ಬೆಕ್ಕಿನ ಮೇಲೂ ತಪ್ಪು ಹಾಕಲಾಗದು. ಅದು ಗಿಡದ ಹಣ್ಣು ತಿಂದು ಬೀಜವನ್ನು ಬಂಡೆ ಮೇಲೆ ಬಿಟ್ಟು ಹೋಗುತ್ತದೆ, ಮೂಟೆ ಹೊರುವುದಿಲ್ಲ.

ಈಗ ಮುಖ್ಯವಾದ್ದು. ಒಂದೊಂದು ದಿನದ ಹಣ್ಣನ್ನು ಕಣದಲ್ಲಿ ಬೇರೆ ಬೇರೆ ಹರಡಿ, ಕೋಲು ನೆಟ್ಟು ತಾರೀಖು ಹಾಕಿ. ಎಷ್ಟು ಕಡಿಮೆ ಅನ್ನುವುದಕ್ಕಿಂತ ಎಲ್ಲಿ ಕಡಿಮೆ ಅಂತ ಆಗ ಗೊತ್ತಾಗುತ್ತದೆ. ನಮ್ಮಲ್ಲಿ ಆರೂ ರಾಶಿಯಲ್ಲಿ 16, 17 ಕಿಲೋ ಕಡಿಮೆ, ಹೆಚ್ಚುಕಮ್ಮಿ ಒಂದೇ ಸಮ. ಯಾವ ಕಳ್ಳ ಹೀಗೆ ಪಾಲು ಮಾಡಿ ಕದಿಯುತ್ತಾನೆ? ಕದಿಯುವವನು ಒಣಗಿದ ರಾಶಿಗೆ ಕೈ ಹಾಕುತ್ತಾನೆ. ಹೊರಲು ಹಗುರ, ಮಾರಲು ಸುಲಭ. ಮೊನ್ನೆ ಹರಡಿದ ಹಸಿ ಹಣ್ಣು ಅವನಿಗೆ ಯಾಕೆ? ಮೇಲೆ ಜನವರಿ ಮಂಜು ಬೇರೆ. ರಾತ್ರಿ ಯಾರಾದರೂ ಟಾರ್ಪಾಲು ಎತ್ತಿದ್ದರೆ ಬೆಳಿಗ್ಗೆ ಅದರ ಮೇಲಿನ ನೀರ ಹನಿ ಒಂದು ಕಡೆ ಹರಿದಿರುತ್ತದೆ. ಆರಕ್ಕೆ ಟಾರ್ಪಾಲು ತೆಗೆಸುವವನು ನಾನೇ, ಅಂಥದ್ದು ಕಂಡಿರಲಿಲ್ಲ.

ಹಾಗಾದರೆ ಕಣದಿಂದ ಏನೂ ಹೋಗಿಲ್ಲ. ಕಣಕ್ಕೆ ಬಂದೇ ಇಲ್ಲ ಅಂತಾಯಿತು. ಉಳಿದಿದ್ದು ಕೊಯ್ದ ಹಣ್ಣು ತೂಗಿ ಬರೆದ ತೂಕ.

ಜನರನ್ನು ‘ಯಾರು ಕದ್ದರು’ ಅಂತ ಕೇಳಿದರೆ ಎಲ್ಲರೂ ಲೈನ್ ಮನೆ (ಕೂಲಿಯವರ ಸಾಲುಮನೆ) ಬಾಗಿಲು ಹಾಕಿಕೊಳ್ಳುತ್ತಾರೆ. ‘ಈ ವಾರ ಹೊಸದೇನು’ ಅಂತ ಕೇಳಿ. ಹೊಸದು ಇಷ್ಟೇ. ತೂಕದ ಮೇಸ್ತ್ರಿ ಮಗಳ ಮದುವೆಗೆ ಊರಿಗೆ ಹೋಗಿದ್ದ. ಬದಲಿಗೆ ಒಬ್ಬ ಹುಡುಗ ಬರೆಯುತ್ತಿದ್ದ, ಅಕ್ಷರ ಮುತ್ತಿನ ಹಾಗೆ. ಹಿಂದಿನ ವಾರದ ಪುಟ ತಿರುವಿದೆ. ಮೇಸ್ತ್ರಿ ಇದ್ದಾಗ ಚೀಲಕ್ಕೆ ಸರಾಸರಿ 43 ಕಿಲೋ. ಹುಡುಗನದು 45. ಚೀಲ ಅದೇ, ಕುಯ್ಯುವವರು ಅವರೇ.

ಖಾಲಿ ಗೋಣಿ ಚೀಲ ಒಂದನ್ನು ತೂಕದ ಕಾಟಾಕ್ಕೆ ಹಾಕಿದೆ. ಒದ್ದೆ ಹುಲ್ಲಿನಲ್ಲಿ ಎಳೆದಾಡಿ, ಹಣ್ಣಿನ ರಸ ಕುಡಿದು, ಎರಡು ಕಡೆ ತೇಪೆ ಹಾಕಿಸಿಕೊಂಡ ಚೀಲ. 2 ಕಿಲೋ ತೋರಿಸಿತು. ಮೇಸ್ತ್ರಿ ಅದನ್ನು ಮನಸ್ಸಿನಲ್ಲೇ ಕಳೆದು ಬರೆಯುತ್ತಿದ್ದ, ಯಾರಿಗೂ ಹೇಳಿರಲಿಲ್ಲ. ಹುಡುಗ ಕಂಡದ್ದನ್ನು ಬರೆದ. 120 ಚೀಲ, 240 ಕಿಲೋ ಇಲ್ಲದ ಹಣ್ಣು. ಒಣಗಿದ ಲೆಕ್ಕಕ್ಕೆ ತಂದರೆ 100 ಕಿಲೋ, ಸರಿಯಾಗಿ ಎರಡು ಮೂಟೆ.

ಕುಯ್ಯುವವರಿಗೆ ಕಿಲೋ ಲೆಕ್ಕದಲ್ಲಿ ಕೂಲಿ ಹೋಗಿಯಾಗಿತ್ತು. ಅದನ್ನು ವಾಪಸ್ ಕೇಳುವುದು ಬೇಡ ಅಂದೆ, ಸಾವ್ಕಾರರು ಗೊಣಗುತ್ತಾ ಒಪ್ಪಿದರು. ನೀವು ಮಾತ್ರ ದಿನಾ ತೂಕ ಶುರು ಮಾಡುವ ಮುಂಚೆ ಅವತ್ತಿನ ಒದ್ದೆ ಚೀಲ ಒಂದನ್ನು ತೂಗಿ, ಪುಟದ ತಲೆಯ ಮೇಲೆ ಬರೆದಿಡಿ. ಬಿಸಿಲಿನ ದಿನ ಚೀಲ ಹಗುರ ಇರುತ್ತದೆ, ನಿನ್ನೆಯದನ್ನೇ ಕಳೆಯಬೇಡಿ.

ಬ್ಯಾಟರಿ ವಾಪಸ್ ಕೊಡಲು ಅಜ್ಜನ ಮನೆಗೆ ಸಾವ್ಕಾರರೇ ಹೋದರು. ಅಜ್ಜ ಒತ್ತಿ ನೋಡಿ, “ಸೆಲ್ ಹೊಸದು ಹಾಕಿ ಕೊಡಿ” ಅಂದ.