ಮೊದಲು ಅಳತೆ, ಆಮೇಲೆ ಚೀಲ: ಫ್ಲಾರಿಡಾದಲ್ಲಿ ಸ್ಕೂಬಾ ಮಾಡುತ್ತಾ ಲಾಬ್‌ಸ್ಟರ್ ಹಿಡಿಯುವುದು ಹೇಗೆ?

ಅಮೆರಿಕದ ಫ್ಲಾರಿಡಾ ರಾಜ್ಯದ ದಕ್ಷಿಣ ತುದಿಯಲ್ಲಿ ಕೀಸ್ ಎಂಬ ದ್ವೀಪಗಳ ಸಾಲಿದೆ. ಜುಲೈ ಕೊನೆ ಬಂತೆಂದರೆ ಅಲ್ಲಿ ದೋಣಿಗಳ ಜಾತ್ರೆ. ಬಂದವರೆಲ್ಲ ಹುಡುಕುವುದು ಸಿಗಡಿಯಂಥ ದೊಡ್ಡ ಚಿಪ್ಪುಜೀವಿಯಾದ ಸ್ಪೈನಿ ಲಾಬ್‌ಸ್ಟರನ್ನು. ಇದಕ್ಕೆ ದೊಡ್ಡ ಇಕ್ಕಳ ಕೈಗಳಿಲ್ಲ. ಮೈತುಂಬ ಮುಳ್ಳು, ತಲೆಯಿಂದ ಚಾಚಿದ ಎರಡು ಉದ್ದ ಮೀಸೆ. ಸ್ಕೂಬಾ ಸಿಲಿಂಡರ್ ಕಟ್ಟಿಕೊಂಡು ಇಳಿದು ಇದನ್ನು ಹಿಡಿಯಲು ಫ್ಲಾರಿಡಾದ ಕಾನೂನಿನಲ್ಲಿ ಅವಕಾಶವಿದೆ.

ಎಲ್ಲ ಕಡೆಯೂ ಹೀಗಿಲ್ಲ. ಮೇಯ್ನ್ ರಾಜ್ಯದಲ್ಲಿ ಲಾಬ್‌ಸ್ಟರನ್ನು ಬೋನು ಇಟ್ಟೇ ಹಿಡಿಯಬೇಕು, ಡೈವರ್‌ಗಳು ಹಿಡಿಯುವಂತಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ಡೈವರ್‌ಗೆ ಕೈ ಬಿಟ್ಟರೆ ಬೇರೆ ಸಾಧನವಿಲ್ಲ. ಹಾಗಾಗಿ ಒಂದು ತೀರದಲ್ಲಿ ಕಲಿತ ಅಭ್ಯಾಸವನ್ನು ಇನ್ನೊಂದು ತೀರಕ್ಕೆ ಹೊತ್ತೊಯ್ಯಬೇಡಿ. ಇಲ್ಲಿ ಹೇಳುವುದೆಲ್ಲ ಫ್ಲಾರಿಡಾದ ಮಾತು. ನಿಯಮಗಳು ಆಗಾಗ ಬದಲಾಗುತ್ತವೆ. ಹೊರಡುವ ವಾರ ರಾಜ್ಯದ ಮೀನು ಮತ್ತು ವನ್ಯಜೀವಿ ಆಯೋಗದ ಪ್ರಕಟಣೆಯನ್ನು ಒಮ್ಮೆ ಓದಿಕೊಳ್ಳಿ.

ಪರ್ಮಿಟ್ ಮತ್ತು ತಾರೀಕು

ಸಮುದ್ರದಲ್ಲಿ ಮೀನು ಹಿಡಿಯುವ ಲೈಸೆನ್ಸ್ ಬೇಕು. ಅದರ ಜೊತೆಗೆ ಲಾಬ್‌ಸ್ಟರ್‌ಗೆಂದೇ ಇನ್ನೊಂದು ಪರ್ಮಿಟ್ ಬೇಕು. ಎರಡನ್ನೂ ಮೊದಲೇ ಮಾಡಿಸಿಕೊಳ್ಳಿ.

ಮಾಮೂಲಿ ಸೀಸನ್ ಆಗಸ್ಟ್ 6ರಿಂದ ಮಾರ್ಚ್ 31ರವರೆಗೆ. ಅದಕ್ಕೂ ಮೊದಲು, ಜುಲೈನ ಕೊನೆಯಲ್ಲಿ ಒಂದರ ಹಿಂದೊಂದು ಬರುವ ಬುಧವಾರ, ಗುರುವಾರ, ಹವ್ಯಾಸಿಗಳಿಗೆಂದೇ ಎರಡು ದಿನದ ಮಿನಿ ಸೀಸನ್ ಇರುತ್ತದೆ. ಮಾಮೂಲಿ ಸೀಸನ್‌ನಲ್ಲಿ ಒಬ್ಬರಿಗೆ ದಿನಕ್ಕೆ 6 ಲಾಬ್‌ಸ್ಟರ್. ಮಿನಿ ಸೀಸನ್‌ನಲ್ಲಿ 12. ಆದರೆ ಕೀಸ್ ಇರುವ ಮನ್ರೋ ಕೌಂಟಿಯಲ್ಲಿ ಮತ್ತು ಬಿಸ್ಕೇನ್ ನ್ಯಾಷನಲ್ ಪಾರ್ಕ್‌ನಲ್ಲಿ ಆಗಲೂ 6 ಮಾತ್ರ. ಮಿನಿ ಸೀಸನ್‌ನಲ್ಲಿ ಮನ್ರೋ ಕೌಂಟಿಯಲ್ಲಿ ರಾತ್ರಿ ಡೈವ್ ಮಾಡಿ ಹಿಡಿಯುವಂತೆಯೂ ಇಲ್ಲ.

ನನ್ನನ್ನು ಕೇಳಿದರೆ, ಹೊಸಬರು ಮಿನಿ ಸೀಸನ್ ಬಿಟ್ಟು ಆಗಸ್ಟ್ ನಂತರ ಹೋಗುವುದೇ ಒಳ್ಳೆಯದು. ಆ ಎರಡು ದಿನ ನೀರಿನ ಮೇಲೆ ದೋಣಿಗಳ ನೂಕುನುಗ್ಗಲು ಜಾಸ್ತಿ. ಅವಸರದಲ್ಲಿ ಡೈವರ್‌ಗಳು ಜೀವ ಕಳೆದುಕೊಂಡ ಸುದ್ದಿ ಬಹುತೇಕ ವರ್ಷ ಬರುತ್ತದೆ.

ಜಾಗ ಮತ್ತು ಬಾವುಟ

ಎವರ್‌ಗ್ಲೇಡ್ಸ್ ಮತ್ತು ಡ್ರೈ ಟಾರ್ಟೂಗಸ್ ನ್ಯಾಷನಲ್ ಪಾರ್ಕ್‌ಗಳಲ್ಲಿ ವರ್ಷದ ಯಾವ ದಿನವೂ ಹಿಡಿಯುವಂತಿಲ್ಲ. ಮಿನಿ ಸೀಸನ್‌ನಲ್ಲಿ ಜಾನ್ ಪೆನಿಕ್ಯಾಂಪ್ ಹವಳದ ಪಾರ್ಕ್ ಕೂಡ ಮುಚ್ಚಿರುತ್ತದೆ. ಇವಲ್ಲದೆ ಸಣ್ಣಪುಟ್ಟ ನಿಷೇಧಿತ ಜಾಗಗಳು ಬೇಕಾದಷ್ಟಿವೆ. ನಕ್ಷೆ ನೋಡದೆ ಲಂಗರು ಹಾಕಬೇಡಿ.

ನೀರಿನಲ್ಲಿ ಜನ ಇದ್ದಾರೆ ಎಂದು ತಿಳಿಸುವ ಕೆಂಪು-ಬಿಳಿ ಬಾವುಟ ಕಡ್ಡಾಯ. ದೋಣಿಯ ಮೇಲಿನದು ಕನಿಷ್ಠ 20x24 ಇಂಚು, ತೇಲುಬುರುಡೆಯ ಮೇಲಿನದು 12x12 ಇಂಚು. ತೆರೆದ ನೀರಿನಲ್ಲಿ ಬಾವುಟದಿಂದ 300 ಅಡಿಯೊಳಗೆ ಇರಲು ಪ್ರಯತ್ನಿಸಬೇಕು, ದೋಣಿ ಓಡಾಡುವ ಕಾಲುವೆಗಳಲ್ಲಿ 100 ಅಡಿಯೊಳಗೆ. ಲಾಬ್‌ಸ್ಟರ್ ಬೆನ್ನು ಹತ್ತಿದಾಗ ಈ ದೂರ ಮರೆತೇ ಹೋಗುತ್ತದೆ. ಬಾವುಟ ಎಲ್ಲಿದೆ ಎಂದು ಜೊತೆಗಾರರು ಆಗಾಗ ಒಬ್ಬರಿಗೊಬ್ಬರು ಸನ್ನೆ ಮಾಡಿಕೊಳ್ಳಿ.

ಬಿಲದ ಮುಂದೆ

ಹಗಲಿನಲ್ಲಿ ಲಾಬ್‌ಸ್ಟರ್ ಹವಳದ ಸಂದಿಯಲ್ಲಿ, ಬಂಡೆಯ ಅಡಿಯಲ್ಲಿ ಮೀಸೆ ಹೊರಗೆ ಹಾಕಿ ಕೂತಿರುತ್ತದೆ. ಆ ಮೀಸೆ ಹಿಡಿದು ಎಳೆಯಬೇಡಿ. ಅದು ಕಿತ್ತು ನಿಮ್ಮ ಕೈಯಲ್ಲಿ ಉಳಿಯುತ್ತದೆ, ಲಾಬ್‌ಸ್ಟರ್ ಒಳಗೇ ಇರುತ್ತದೆ. ಕಿತ್ತ ಅಂಗ ಮತ್ತೆ ಬೆಳೆಯುತ್ತದೆ ನಿಜ. ಆದರೆ ಅದಕ್ಕೆ ಶಕ್ತಿ ಖರ್ಚಾಗಿ ಮೈಯ ಬೆಳವಣಿಗೆ ನಿಧಾನವಾಗುತ್ತದೆ.

ಈಟಿ, ಕೊಕ್ಕೆ, ಚಿಪ್ಪು ಚುಚ್ಚುವ ಅಥವಾ ಒಡೆಯುವ ಯಾವ ಸಾಧನವನ್ನೂ ಬಳಸುವಂತಿಲ್ಲ. ಬೇಕಾದದ್ದು ದಪ್ಪ ಕೈಗವಸು, ಸಣ್ಣ ಕೈಬಲೆ, ಟಿಕಲ್ ಸ್ಟಿಕ್ ಎಂಬ ತೆಳ್ಳಗಿನ ಕೋಲು. ಕೋಲನ್ನು ನಿಧಾನವಾಗಿ ಲಾಬ್‌ಸ್ಟರ್‌ನ ಹಿಂದಕ್ಕೆ ತೂರಿಸಿ ಬಾಲವನ್ನು ಮೆಲ್ಲಗೆ ತಟ್ಟಿ. ಅದು ಮುಂದಕ್ಕೆ ನಡೆದು ಬಿಲದಿಂದ ಆಚೆ ಬರುತ್ತದೆ. ಈಗ ಬಲೆಯನ್ನು ಅದರ ಹಿಂದೆ ಇಟ್ಟು, ಕೋಲಿನಿಂದ ಮುಂಭಾಗವನ್ನು ಮುಟ್ಟಿ. ಗಾಬರಿಯಾದ ಲಾಬ್‌ಸ್ಟರ್ ಬಾಲ ಬಡಿದು ಹಿಮ್ಮುಖವಾಗಿ ಚಿಮ್ಮುತ್ತದೆ, ನೇರ ಬಲೆಗೆ. ಕಾಣದ ಸಂದಿಗೆ ಸುಮ್ನೆ ಕೈ ಹಾಕಬೇಡಿ, ಕಚ್ಚುವ, ಹಾವಿನಂಥ ಮೀನು ಮೊರೇ ಈಲ್ ಕೂಡ ಅಲ್ಲೇ ವಾಸ. ಹವಳದ ಮೇಲೆ ಮಂಡಿ ಊರಬೇಡಿ.

ಗೇಜ್ ಮಾತು ಅಂತಿಮ

ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುವುದು ಈ ಹೆಜ್ಜೆ. ಬೆನ್ನಿನ ಚಿಪ್ಪಿನ ಉದ್ದ 3 ಇಂಚಿಗಿಂತ ಜಾಸ್ತಿ ಇರಬೇಕು. ಅಳೆಯುವ ಗೇಜ್ ಡೈವರ್ ಬಳಿಯೇ ಇರಬೇಕು, ಅಳತೆ ನೀರಿನೊಳಗೇ ಆಗಬೇಕು. ಕಣ್ಣಿನ ಮೇಲಿನ ಎರಡು ಕೊಂಬುಗಳ ನಡುವಿನ ಗಟ್ಟಿ ಅಂಚಿಗೆ ಗೇಜ್ ಸಿಕ್ಕಿಸಿ. ಬೆನ್ನಿನ ನಡುಗೆರೆಯ ಮೇಲೆ ಹಿಂದಕ್ಕೆ ತನ್ನಿ. ಗೇಜಿನ ಇನ್ನೊಂದು ತುದಿ ಚಿಪ್ಪಿನ ಹಿಂದಿನ ಅಂಚು ದಾಟಿ ಕೆಳಗೆ ಇಳಿದರೆ ಲಾಬ್‌ಸ್ಟರ್ ಚಿಕ್ಕದು, ಅದೇ ಬಿಲದ ಬಾಯಲ್ಲಿ ಬಿಟ್ಟುಬಿಡಿ. ನೀರಿನಡಿ ಎಲ್ಲವೂ ಇದ್ದುದಕ್ಕಿಂತ ದೊಡ್ಡದಾಗಿ ಕಾಣುತ್ತದೆ, ಹಾಗಾಗಿ ಕಣ್ಣಂದಾಜು ನಂಬುವಂತಿಲ್ಲ.

ದೋಣಿಗೆ ತಂದು ಅಳೆದರೆ ಏನಾಯ್ತು, ಅಲ್ವಾ? ಗಾಳಿಗೆ ಬಂದ ಲಾಬ್‌ಸ್ಟರ್ ಸೊರಗುತ್ತದೆ. ಮೇಲಿನಿಂದ ಎಸೆದರೆ ತನ್ನ ಬಿಲದಿಂದ ದೂರ, ಬಯಲಲ್ಲಿ ಬೀಳುತ್ತದೆ. ಬೇಟೆಯಾಡುವ ಮೀನುಗಳಿಗೆ ಅಷ್ಟೇ ಸಾಕು. ಹೆಣ್ಣು ಲಾಬ್‌ಸ್ಟರ್ ಮೊಟ್ಟೆ ಇಡಲು ಶುರು ಮಾಡುವುದು ಹೆಚ್ಚುಕಡಿಮೆ ಈ 3 ಇಂಚಿನ ಆಸುಪಾಸಿನಲ್ಲೇ. ಒಮ್ಮೆಯೂ ಮರಿ ಮಾಡದ ಜೀವವನ್ನು ಚೀಲಕ್ಕೆ ಹಾಕಬಾರದು ಎಂಬುದೇ ಈ ಅಳತೆಯ ಅರ್ಥ.

ಅಳತೆ ಸರಿಯಿದ್ದರೂ ಒಮ್ಮೆ ಹೊಟ್ಟೆಯ ಭಾಗ ತಿರುಗಿಸಿ ನೋಡಿ. ಬಾಲದ ಅಡಿಯಲ್ಲಿ ಕಿತ್ತಳೆ ಅಥವಾ ಕಂದು ಬಣ್ಣದ ಸಣ್ಣ ಕಾಳುಗಳ ಗೊಂಚಲು ಕಂಡರೆ ಅವು ಮೊಟ್ಟೆಗಳು. ಒಂದೊಂದು ಹೆಣ್ಣು ಲಕ್ಷಗಟ್ಟಲೆ ಹೊತ್ತಿರುತ್ತದೆ. ಅದನ್ನು ತಕ್ಷಣ ಬಿಡಬೇಕು. ಮೊಟ್ಟೆಗಳನ್ನು ಕೆರೆದು ತೆಗೆಯುವುದು ಅಪರಾಧ. ಎದೆಯ ಮೇಲೆ ಟಾರಿನಂಥ ಕಪ್ಪು ಮಚ್ಚೆಯಿದ್ದರೆ ಅದು ಗಂಡಿನೊಂದಿಗೆ ಕೂಡಿದ ಗುರುತು. ಅಂಥದ್ದನ್ನು ಹಿಡಿಯಲು ಕಾನೂನು ಅಡ್ಡಿ ಮಾಡುವುದಿಲ್ಲ. ಆದರೂ ಬಿಡಿ ಎಂದೇ ನಾನು ಹೇಳುತ್ತೇನೆ.

ಮೇಲೆ ಬರುವಾಗ

ಬಿಲದ ಮುಂದೆ ತಲೆ ಕೆಳಗೆ ಮಾಡಿ ಒದ್ದಾಡುವಾಗ ಗಾಳಿ ಬೇಗ ಮುಗಿಯುತ್ತದೆ. ಪ್ರತಿ ಲಾಬ್‌ಸ್ಟರ್‌ನ ನಂತರ ಸಿಲಿಂಡರಿನಲ್ಲಿ ಉಳಿದ ಗಾಳಿ ತೋರಿಸುವ ಪ್ರೆಶರ್ ಗೇಜ್ ನೋಡಿ, ಜೊತೆಗಾರರನ್ನು ನೋಡಿ. ಇದನ್ನು ಇಳಿಯುವ ಮೊದಲೇ ಒಪ್ಪಂದ ಮಾಡಿಕೊಳ್ಳಿ. ಚೀಲವನ್ನು ಮೈಗೆ ಬಿಗಿಯಾಗಿ ಕಟ್ಟಿಕೊಳ್ಳಬೇಡಿ, ಎಲ್ಲಾದರೂ ಸಿಕ್ಕಿಕೊಂಡರೆ ಬಿಟ್ಟು ಬರುವ ಹಾಗಿರಲಿ. ಮೈಯಲ್ಲಿ ಸೇರಿದ ನೈಟ್ರೋಜನ್ ನಿಧಾನವಾಗಿ ಹೊರಹೋಗಲೆಂದು, ಮೇಲೆ ಬರುವ ಮೊದಲು 5 ಮೀಟರ್ ಆಳದಲ್ಲಿ 3 ನಿಮಿಷ ನಿಂತು ಬನ್ನಿ.

ದಾರಿಯಲ್ಲಿ ಮೀನುಗಾರರ ಬೋನು ಕಂಡರೆ ಮುಟ್ಟಬೇಡಿ. ಬೇರೆಯವರ ಬೋನಿನಿಂದ ಕದಿಯುವುದು ಫ್ಲಾರಿಡಾದಲ್ಲಿ ಗಂಭೀರ ಅಪರಾಧ.

ದೋಣಿಯಲ್ಲಿ ಲಾಬ್‌ಸ್ಟರ್ ಇಡಿಯಾಗಿಯೇ ಇರಬೇಕು. ಬಾಲ ಮುರಿದು ಬೇರೆ ಮಾಡುವುದು ದಡ ಸೇರಿದ ಮೇಲೆ. ಅಧಿಕಾರಿಗಳು ತಡೆದರೆ ಲೈಸೆನ್ಸ್, ಪರ್ಮಿಟ್, ಗೇಜ್ ಮೂರನ್ನೂ ತೋರಿಸಿ, ಐಸ್ ಪೆಟ್ಟಿಗೆ ತೆರೆದುಕೊಡಿ.